ಆರು ಸಾವಿರ ಸೀಸೆಗಳ ಹಸ್ತಲಾಘವ

ಲಸಿಕೆ ಉಗ್ರಾಣದ ಮೇಲ್ವಿಚಾರಕಿಗೆ ಇಲಾಖೆಯವರು ಇಟ್ಟ ಹೆಸರು ತಣ್ಣಕ್ಕ. ಹೊರಗೆ ಡಾಂಬರು ಕರಗುವ ಬಿಸಿಲಿದ್ದರೂ ಆಕೆಯ ಹೆಗಲ ಮೇಲೊಂದು ಉಣ್ಣೆಯ ಸ್ವೆಟರು ಇರಲೇಬೇಕು. ಇಪ್ಪತ್ತಾರು ವರ್ಷಗಳಿಂದ ಆಕೆಯ ಅರ್ಧ ಸಂಸಾರ ಎರಡು ಡಿಗ್ರಿಗೂ ಎಂಟು ಡಿಗ್ರಿಗೂ ನಡುವೆ ನಡೆದಿತ್ತು. ತಣ್ಣನೆಯ ಕೋಣೆಯ ಬಾಗಿಲನ್ನು ಯಾರಾದರೂ ಅರ್ಧ ನಿಮಿಷ ಹೆಚ್ಚಿಗೆ ತೆರೆದಿಟ್ಟರೆ, "ಬಾಗಿಲು ಹಾಕ್ರಪ್ಪ, ಮಕ್ಕಳಿಗೆ ಸೆಕೆ ಆಗುತ್ತೆ" ಅನ್ನುತ್ತಿದ್ದಳು. ಮಕ್ಕಳು ಅಂದರೆ ಸೀಸೆಗಳು.

ಅಂಥ ತಣ್ಣಕ್ಕನ ಮೈ ಆ ಬುಧವಾರ ಕೆಂಡವಾಗಿತ್ತು.

ನೆರೆಯ ದೇಶದಲ್ಲಿ ಪೋಲಿಯೊ ಮತ್ತೆ ತಲೆಯೆತ್ತಿತ್ತು. ಮೂರು ಜಿಲ್ಲೆಗಳಲ್ಲಿ ಹದಿನೇಳು ಮಕ್ಕಳು, ಹಿಂದಿನ ದಿನ ಅಂಗಳದಲ್ಲಿ ಓಡಾಡಿಕೊಂಡಿದ್ದವು, ಬೆಳಿಗ್ಗೆ ಎದ್ದು ಕಾಲೂರಲಾಗದೆ ಕುಸಿದಿದ್ದವು. ಇತ್ತ ವಿದೇಶಾಂಗ ಇಲಾಖೆಯ ಹೃದಯ ಇದ್ದಕ್ಕಿದ್ದಂತೆ ಮಿಡಿಯಿತು. ಮುಂದಿನ ವಾರ ವಿಶ್ವಸಭೆಯಲ್ಲಿ ಮತದಾನವಿತ್ತು, ನೆರೆಯವರ ಒಂದು ಮತ ಬೇಕಾಗಿತ್ತು. ಹೃದಯ ಮಿಡಿಯುವುದಕ್ಕೂ ಮುಹೂರ್ತ ಇರುತ್ತದಲ್ಲ. ಆರು ಸಾವಿರ ಸೀಸೆ ಹನಿ ಲಸಿಕೆ ಉಡುಗೊರೆಯಾಗಿ ಹೋಗತಕ್ಕದ್ದು ಎಂದು ಆದೇಶ ಬಂತು. ಒಂದು ಸೀಸೆಯಲ್ಲಿ ಹತ್ತು ಮಕ್ಕಳ ಪಾಲು, ಅಲ್ಲಿಗೆ ಅರವತ್ತು ಸಾವಿರ ಮಕ್ಕಳು. ತಣ್ಣಕ್ಕ ಸಂತೋಷದಿಂದಲೇ ಎಣಿಸಿ ತುಂಬಿಸಿ ಕೊಟ್ಟಳು. ಪ್ರತಿ ಪೆಟ್ಟಿಗೆಯ ಮೇಲೂ ದಪ್ಪ ಅಕ್ಷರದಲ್ಲಿ ಬರೆದಳು: ಹತ್ತು ನಿಮಿಷಕ್ಕಿಂತ ಹೆಚ್ಚು ತೆರೆದಿಡಬಾರದು.

ಆದರೆ ಸಮಾರಂಭದ ಉಸ್ತುವಾರಿ ಶಿಷ್ಟಾಚಾರ ವಿಭಾಗದ ಅಧಿಕಾರಿಯದು. ಮುಚ್ಚಿದ ಪೆಟ್ಟಿಗೆಯನ್ನು ಕ್ಯಾಮೆರಾಗೆ ತೋರಿಸಿದರೆ ಅದರಲ್ಲಿ ಸ್ನೇಹ ಹೇಗೆ ಕಾಣುತ್ತದೆ? ಆತ ತಲೆ ಓಡಿಸಿದ. ವಿಮಾನ ನಿಲ್ದಾಣದ ಪಕ್ಕದ ಬಯಲಲ್ಲಿ ತಗಡಿನ ಮಂಟಪ ಎದ್ದಿತು. ಅದರೊಳಗೆ ಇಳಿಜಾರು ಹಲಗೆ, ಹಲಗೆಗೆ ನೀಲಿ ಮಖಮಲ್ಲು, ಅದರ ಮೇಲೆ ಆರು ಸಾವಿರ ಸೀಸೆಗಳನ್ನು ಒಂದೊಂದಾಗಿ ನಿಲ್ಲಿಸಿ ಎರಡು ಕೈಗಳ ಚಿತ್ರ ಮಾಡಿಸಿದ: ನಮ್ಮ ಕೈ ಅವರ ಕೈಯನ್ನು ಕುಲುಕುವ ಚಿತ್ರ. ಹೆಬ್ಬೆರಳೊಂದಕ್ಕೇ ನಾನ್ನೂರು ಸೀಸೆ. ಮಂಜುಗಡ್ಡೆಯ ಚೀಲಗಳಿಂದ ನೀರು ಸೋರಿ ಮಖಮಲ್ಲಿಗೆ ಕಲೆಯಾದೀತೆಂದು ಅವನ್ನು ಆಚೆ ಎಸೆಸಿದ. ಮೇಲೆ ಹನ್ನೆರಡು ದೊಡ್ಡ ದೀಪ.

ಸೋಮವಾರ ತಾಲೀಮು. ಮಂಗಳವಾರ ಸಚಿವರು ಬರಬೇಕಿತ್ತು, ಬರಲಿಲ್ಲ, ಯಾವುದೋ ಉದ್ಘಾಟನೆ ಅಡ್ಡ ಬಂತಂತೆ. ಹಾಗೆಂದು ಸೀಸೆಗಳನ್ನು ಪೆಟ್ಟಿಗೆಗೆ ವಾಪಸು ಹಾಕುವಂತಿಲ್ಲ. ಭದ್ರತೆಯವರು ಮಂಟಪವನ್ನು ಶೋಧಿಸಿ ಮೊಹರು ಹಾಕಿಯಾಗಿತ್ತು. ತಣ್ಣಕ್ಕ ಎರಡು ದಿನವೂ ಗೇಟಿನ ಬಳಿ ನಿಂತು ಬೇಡಿಕೊಂಡಳು. ಆಕೆಯ ಕೊರಳಲ್ಲಿದ್ದದ್ದು ಎರಡನೇ ಗೇಟಿನ ಪಾಸು, ಮಂಟಪ ಇದ್ದದ್ದು ಒಂದನೇ ಗೇಟಿನ ಒಳಗೆ. ಒಳಗೆ ಔಷಧ ಸಾಯುತ್ತಿದೆ ಎಂದಳು. ಪಾಸು ಕೊಡುವವರು ಊಟಕ್ಕೆ ಹೋಗಿದ್ದಾರೆ ಎಂದ ಕಾವಲಿನವನು. ಆ ಪುಣ್ಯಾತ್ಮರ ಊಟ ಎರಡು ದಿನ ನಡೆಯಿತು.

ಬುಧವಾರ ಮಧ್ಯಾಹ್ನ ಸಚಿವರು ಬಂದರು, ಮಾತಾಡಿದರು, ಸೀಸೆಗಳ ಕೈಯ ಮುಂದೆ ತಮ್ಮ ಕೈಯನ್ನೂ ಚಾಚಿ ನಿಂತರು, ಫೋಟೋ ಆಯಿತು, ಹೊರಟರು. ಸಂಜೆ ನಾಲ್ಕಕ್ಕೆ ಸೀಸೆಗಳು ಉಗ್ರಾಣಕ್ಕೆ ಮರಳಿದವು. ಶುಕ್ರವಾರದ ವಿಮಾನಕ್ಕೆ ಅವನ್ನು ಮತ್ತೆ ತುಂಬಿಸಬೇಕಿತ್ತು.

ಹನಿ ಲಸಿಕೆಯ ಪ್ರತಿ ಸೀಸೆಯ ಮೇಲೂ ಕಡಲೆಕಾಳಿನಷ್ಟು ಅಗಲದ ಬಣ್ಣದ ಗುಂಡಗಿನ ಗುರುತು, ಅದರ ನಡುವೆ ಬಿಳಿ ಚೌಕ ಇರುತ್ತದೆ. ಸೀಸೆಗೆ ಶಾಖ ತಗಲಿದಷ್ಟೂ ಚೌಕ ಕಪ್ಪಾಗುತ್ತ ಹೋಗುತ್ತದೆ. ಒಮ್ಮೆ ಕಪ್ಪಾದರೆ ಮತ್ತೆ ಎಷ್ಟು ತಣ್ಣಗಿಟ್ಟರೂ ಬಿಳಿಯಾಗುವುದಿಲ್ಲ. ಅದನ್ನು ಹೆದರಿಸಲಾಗದು, ಪುಸಲಾಯಿಸಲಾಗದು, ಅದಕ್ಕೆ ವರ್ಗಾವಣೆಯ ಭಯವಿಲ್ಲ. ಇಡೀ ಸರಕಾರದಲ್ಲಿ ಸುಳ್ಳು ಹೇಳದ ನೌಕರ ಅದೊಂದೇ ಎಂದು ತಣ್ಣಕ್ಕ ಹೊಸಬರಿಗೆ ಪಾಠ ಹೇಳುವುದಿತ್ತು. ಅದರ ಹಂತಗಳು ನಾಲ್ಕು. ಒಂದು, ಎರಡು ಇದ್ದರೆ ಬಳಸಬಹುದು. ಮೂರಾದರೆ ಎಸೆಯಬೇಕು. ನಾಲ್ಕಾದರೆ ಕೇಳುವುದೇ ಬೇಡ.

ಮೊದಲ ಟ್ರೇ ತೆಗೆದಳು. ನಾಲ್ಕು. ಎರಡನೆಯದು ಹಲಗೆಯ ಬುಡದ್ದು, ದೀಪಕ್ಕೆ ದೂರ, ಉಳಿದಿರಬಹುದು ಎಂದುಕೊಂಡಳು. ನಾಲ್ಕು. ಕಿರುಬೆರಳಿನದೂ, ಮುಂಗೈಯದೂ, ನಮ್ಮ ಕಡೆಯದೂ, ಅವರ ಕಡೆಯದೂ. ಕೊನೆಯ ಟ್ರೇ ನೋಡುವ ಹೊತ್ತಿಗೆ ಆಕೆಯ ಕಣ್ಣಿಗೆ ಕಪ್ಪು ಚೌಕಗಳ ಬದಲು ಬಾಗಿಲಲ್ಲಿ ಮಗುವನ್ನು ಎತ್ತಿಕೊಂಡು ನಿಂತ ತಾಯಂದಿರೇ ಕಾಣತೊಡಗಿದ್ದರು. ಹನಿ ಹೋಗಿ ಹಾನಿ ಉಳಿದಿತ್ತು.

ಗುರುವಾರ ಬೆಳಿಗ್ಗೆ ನಿರ್ದೇಶಕರ ಕೊಠಡಿಯಲ್ಲಿ ಸಭೆ. ಶಿಷ್ಟಾಚಾರದ ಅಧಿಕಾರಿಯೂ ಬಂದಿದ್ದ. ಸುಕ್ಕಿಲ್ಲದ ಅಂಗಿ, ಸುಕ್ಕಿಲ್ಲದ ಮುಖ. ನಿರ್ದೇಶಕರು ಕನ್ನಡಕ ಒರೆಸಲು ಶುರು ಮಾಡಿದವರು ಸಭೆ ಮುಗಿಯುವ ತನಕ ಒರೆಸುತ್ತಲೇ ಇದ್ದರು. ತಣ್ಣಕ್ಕ ಒಂದು ಸೀಸೆಯನ್ನು ಮೇಜಿನ ಮೇಲಿಟ್ಟು, ಇವೆಲ್ಲ ಕೆಟ್ಟಿವೆ, ಎಸೆಯಬೇಕು ಎಂದಳು.

ಅಧಿಕಾರಿ ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿದ. "ಕುಡಿದ್ರೆ ಮಕ್ಕಳಿಗೆ ಏನಾದ್ರೂ ಆಗುತ್ತಾ? ವಾಂತಿ, ಜ್ವರ, ಹಾಗೇನಾದ್ರೂ?"

"ಏನೂ ಆಗಲ್ಲ ಸರ್."

"ಮತ್ತೆ? ಒಳ್ಳೇದೇ ಆಯ್ತಲ್ಲ ಮೇಡಂ."

"ಏನೂ ಆಗಲ್ಲ ಅನ್ನೋದೇ ತೊಂದರೆ. ಹನಿ ಬಿತ್ತು ಅಂತ ತಾಯಿ ನಿಶ್ಚಿಂತೆಯಾಗಿ ಮನೆಗೆ ಹೋಗ್ತಾಳೆ. ಕಾಯಿಲೆ ಅವಳ ಹಿಂದೇನೇ ಹೋಗುತ್ತೆ."

ಆತ ತಾಳ್ಮೆಯಿಂದ ವಿವರಿಸಿದ. ಇನ್ನೊಂದು ದೊಡ್ಡ ದೇಶವೂ ಅವರಿಗೆ ಲಸಿಕೆ ಕಳಿಸುತ್ತಿದೆ, ಅದು ಹತ್ತು ದಿನದಲ್ಲಿ ತಲುಪುತ್ತದೆ, ನಾವು ಮೊದಲು ತಲುಪಬೇಕು. ಉಡುಗೊರೆ ಕೊಟ್ಟು ಕಸಿದುಕೊಂಡರು ಎಂಬ ಮಾತು ಬರಬಾರದು. ಸಂಬಂಧ ಬಹಳ ಸೂಕ್ಷ್ಮ ಹಂತದಲ್ಲಿದೆ. ಸೀಸೆಯೂ ಒಂದು ಹಂತದಲ್ಲಿದೆ ಎಂದಳು ತಣ್ಣಕ್ಕ. ನಿರ್ದೇಶಕರ ಬಟ್ಟೆ ಒಂದು ಕ್ಷಣ ನಿಂತಿತು, ಮತ್ತೆ ಕನ್ನಡಕದ ಮೇಲೆ ಸುತ್ತತೊಡಗಿತು.

ಆಕೆ ಮನೆಯಿಂದಲೇ ಉಪಾಯ ಯೋಚಿಸಿಕೊಂಡು ಬಂದಿದ್ದಳು. ಉಗ್ರಾಣದಲ್ಲಿ ಮುಂದಿನ ತಿಂಗಳ ನಮ್ಮ ಅಭಿಯಾನಕ್ಕೆಂದು ಎಂಟು ಸಾವಿರ ಸೀಸೆ ಇವೆ. ಇಲ್ಲಿ ಕಾಯಿಲೆಯಿಲ್ಲ, ಅಭಿಯಾನ ಆರು ವಾರ ತಡವಾದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ. ಅವುಗಳಿಂದಲೇ ಆರು ಸಾವಿರ ಕಳಿಸೋಣ, ಮತವೂ ಬರುತ್ತದೆ, ಮಕ್ಕಳೂ ಉಳಿಯುತ್ತಾರೆ.

ಅಧಿಕಾರಿ ಮೊದಲ ಸಲ ಬೆಚ್ಚಿದ. "ನಮ್ಮ ಮಕ್ಕಳದ್ದು ತೆಗೆದು ಅವರಿಗೆ ಕೊಡೋದಾ?"

"ಹಾಗಾದ್ರೆ ಇದನ್ನ ನಮ್ಮ ಮಕ್ಕಳಿಗೆ ಹಾಕ್ಲಾ ಸರ್?"

"ಏನ್ ಮಾತಾಡ್ತೀರಿ ಮೇಡಂ. ಅದು ಕೆಟ್ಟಿದೆಯಲ್ಲ."

ಇಷ್ಟು ಹೇಳಿ ಆತ ನೀರು ಕುಡಿದ. ತಾನು ಹೇಳಿದ್ದೇನೆಂದು ಅವನಿಗೆ ಹೊಳೆಯಲೇ ಇಲ್ಲ. ಹೊಳೆಯುವ ಜಾಗದಲ್ಲಿ ಬೆವರೊಂದೇ ಇತ್ತು. ತಣ್ಣಕ್ಕ ನಿರ್ದೇಶಕರ ಮುಖ ನೋಡಿದಳು. ಈ ಮನುಷ್ಯ ಒಂದು ಕಾಲದಲ್ಲಿ ತಲೆಯ ಮೇಲೆ ಪೆಟ್ಟಿಗೆ ಹೊತ್ತು ಹೊಳೆ ದಾಟಿ ಹನಿ ಹಾಕಿಬಂದವರು. ಈಗ ಕನ್ನಡಕ ಇಷ್ಟು ಸ್ವಚ್ಛವಾಗಿದ್ದರೂ ಅವರಿಗೆ ಏನೂ ಕಾಣುತ್ತಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಸರಕಾರಿ ಮುದ್ರಣಾಲಯದಿಂದ ಆರು ಸಾವಿರ ಸ್ಟಿಕರ್ ಬಂದವು. ಕೈ ಕುಲುಕುವ ಅದೇ ಚಿತ್ರ, ಗಾತ್ರ ಸರಿಯಾಗಿ ಕಡಲೆಕಾಳಿಗಿಂತ ಚೂರು ದೊಡ್ಡದು. ಸೀಸೆಯ ಮೇಲೆ ಎಲ್ಲಿ ಅಂಟಿಸಬೇಕೆಂದು ತೋರಿಸುವ ನಕ್ಷೆಯೂ ಜೊತೆಗಿತ್ತು. ಅಂಟಿಸಲು ಶಿಷ್ಟಾಚಾರ ವಿಭಾಗದಿಂದಲೇ ಎಂಟು ಮಂದಿ ಬಂದರು, ತಣ್ಣಕ್ಕನ ಮೇಲೆ ಅವರಿಗೆ ನಂಬಿಕೆ ಇರಲಿಲ್ಲ. ಆದರೆ ರವಾನೆ ಪತ್ರಕ್ಕೆ ಆಕೆಯ ಸಹಿಯೇ ಬೇಕು, ಆಕೆಯ ಮೊಹರಿಲ್ಲದೆ ವಿಮಾನದವರು ಲಸಿಕೆ ಹತ್ತಿಸಿಕೊಳ್ಳುವುದಿಲ್ಲ. ಸಹಿ ಇಲ್ಲದಿದ್ದರೆ ಗಡಿಯ ಉಪ ಉಗ್ರಾಣಕ್ಕೆ ವರ್ಗ, ವಸತಿಗೃಹ ಹದಿನೈದು ದಿನದಲ್ಲಿ ಖಾಲಿ ಎಂದು ನಿರ್ದೇಶಕರು ಗೋಡೆಗೆ ಹೇಳಿದಂತೆ ಹೇಳಿದರು.

ಲಸಿಕೆ ವಾಹನದ ಚಾಲಕ ಆಕೆಯನ್ನು ಮನೆಗೆ ಬಿಟ್ಟ. ಅವನೊಬ್ಬ ಅನುಕರಣೆಯ ಹುಚ್ಚ. ಸಚಿವರ ಭಾಷಣವನ್ನು ಅವರ ಕೆಮ್ಮು, ಮೂಗಿನ ರಾಗ, ಮಾತು ಮರೆತಾಗ ಗಂಟಲು ಸರಿಮಾಡುವ ಸದ್ದು ಸಮೇತ ಒಪ್ಪಿಸಿದ: "ನೆರೆಯವರ ನೋವೂ... ನಮ್ಮಾ... ನೋವೂ." ಬೇರೆ ದಿನವಾಗಿದ್ದರೆ ತಣ್ಣಕ್ಕ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಈಗ, "ನಿಲ್ಸಪ್ಪ, ನೀನು ಹೇಳಿದ್ರೆ ನಿಜ ಅನ್ಸುತ್ತೆ" ಅಂದಳು.

ಗಂಡ ನ್ಯಾಯಾಲಯದಲ್ಲಿ ಬೆರಳಚ್ಚುಗಾರ. ಮೂವತ್ತು ವರ್ಷ ಬೇರೆಯವರ ಸುಳ್ಳನ್ನೂ ನಿಜವನ್ನೂ ಒಂದೇ ವೇಗದಲ್ಲಿ ಬಡಿದು ಬಡಿದು ಯಾವುದಕ್ಕೂ ಬಿಸಿಯಾಗದ ಮನುಷ್ಯ. ಒಳಗಿನ ಕೋಣೆಯಲ್ಲಿ ಹಾಸಿಗೆ ಹಿಡಿದ ಅತ್ತೆ, ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದ ಇವನು. ಪೂರ್ತಿ ಕೇಳಿಸಿಕೊಂಡು ಚಾಕು ಕೆಳಗಿಟ್ಟ.

"ಆ ಕಾಗದದಲ್ಲಿ ಚೌಕದ ಹಂತ ಬರೆಯೋ ಕಲಂ ಇದೆಯಾ?"

"ಇದೆ ರೀ. ಆರನೇದು."

"ಅಲ್ಲಿ ನಾಲ್ಕು ಅಂತ ಬರಿ, ಸಹಿ ಹಾಕು. ನೀನು ಸುಳ್ಳು ಬರೆದ ಹಾಗೂ ಆಗಲಿಲ್ಲ, ಅವರ ಮಾತು ಮೀರಿದ ಹಾಗೂ ಆಗಲಿಲ್ಲ. ಇಲ್ಲಿ ಯಾರೂ ಓದಲ್ಲ ಕಣೇ, ಸಹಿ ಇದೆಯಾ ಅಂತ ನೋಡ್ತಾರೆ. ಅಲ್ಲಿ ನಿನ್ನಂಥವಳು ಒಬ್ಬಳು ಇರ್ತಾಳಲ್ಲ, ಅವಳು ಓದ್ತಾಳೆ."

ತಣ್ಣಕ್ಕನಿಗೆ ಹೋದ ಜೀವ ಬಂದಂತಾಯಿತು. ಎಷ್ಟು ಸರಳ! ಶುಕ್ರವಾರ ಬೆಳಿಗ್ಗೆ ಆರನೇ ಕಲಮಿನಲ್ಲಿ ಗುಂಡಗೆ, ಸ್ಪಷ್ಟವಾಗಿ ನಾಲ್ಕು ಎಂದು ಬರೆದು, ಸಹಿ ಮಾಡಿ, ಮೊಹರು ಒತ್ತಿದಳು. ಅಧಿಕಾರಿ ಮೂರೂ ಪ್ರತಿಗಳನ್ನು ತಿರುವಿಹಾಕಿದ, ಸಹಿಯ ಜಾಗ ನೋಡಿದ, "ಇಷ್ಟೇ ಅಲ್ವಾ ಮೇಡಂ, ಸುಮ್ನೆ ತಲೆ ಕೆಡಿಸ್ಕೊಂಡ್ರಿ" ಎಂದು ನಕ್ಕ. ಆಕೆಯೂ ಒಳಗೊಳಗೇ ನಕ್ಕಳು. ಅಂದು ಮನೆಯಲ್ಲಿ ಎರಡು ತುತ್ತು ಹೆಚ್ಚೇ ಉಂಡಳು. ತಾನು ಎಷ್ಟು ಜಾಣೆ ಎಂದು ಮೂರು ದಿನ ಮನಸ್ಸಿನಲ್ಲೇ ಬೆನ್ನು ತಟ್ಟಿಕೊಂಡಳು.

ನಾಲ್ಕನೇ ದಿನ, ಮಂಗಳವಾರ, ಬೆಳಿಗ್ಗೆ ಹತ್ತೂವರೆಗೆ ಫೋನು ಬಂತು. ಗಡಿಯಾಚೆಯ ಹೆಂಗಸು. ಅಲ್ಲೂ ಇದೇ ಭಾಷೆ, ರಾಗ ಮಾತ್ರ ಬೇರೆ. ತಾನು ಅಲ್ಲಿನ ಲಸಿಕೆ ಉಗ್ರಾಣದವಳೆಂದಳು. ರವಾನೆ ಪತ್ರದ ಕೆಳಗಿದ್ದ ಸಂಖ್ಯೆ ನೋಡಿ ಮಾಡುತ್ತಿದ್ದೇನೆ ಎಂದಳು. ಹಿಂದೆ ಜಾತ್ರೆಯಂಥ ಗದ್ದಲ ಕೇಳುತ್ತಿತ್ತು.

"ಅಕ್ಕಾ, ಆ ನಾಲ್ಕು ನನಗೆ ಬರೆದದ್ದು ತಾನೇ?"

ತಣ್ಣಕ್ಕನ ಎದೆ ಹಗುರಾಯಿತು. ಓದುವವಳು ಓದಿದ್ದಾಳೆ. "ಹೌದಮ್ಮ, ನಿಮಗೇ. ಸ್ಟಿಕರ್ ಕಿತ್ತು ನೋಡಿದ್ರಾ?"

ಉಗುರಿನಿಂದ ಕೆರೆದು ನೋಡಿದೆ ಎಂದಳು ಆಕೆ. ನೋಡಿ ಮೇಲಿನವರ ಬಳಿ ಓಡಿದಳಂತೆ. ಅವರು ರವಾನೆ ಪತ್ರವನ್ನು ಎತ್ತಿಕೊಂಡು ಹೋಗಿ ತಮ್ಮ ಸಚಿವರಿಗೆ ಕೊಟ್ಟರು. ಸಚಿವರು ನಿನ್ನೆ ಟೀವಿಯಲ್ಲಿ ಅದನ್ನು ಎತ್ತಿ ಹಿಡಿದು ತೋರಿಸಿದರು: ನೋಡಿ, ನೆರೆಯವರ ತಜ್ಞೆಯೇ ಗುಣಮಟ್ಟಕ್ಕೆ ನಾಲ್ಕಕ್ಕೆ ನಾಲ್ಕು ಕೊಟ್ಟಿದ್ದಾರೆ. ತಾನು ಬಾಯಿ ತೆರೆದರೆ, ನೀನು ಅವರಿಗಿಂತ ತಿಳಿದವಳಾ ಎನ್ನುತ್ತಾರೆ.

ತಣ್ಣಕ್ಕ ಕುರ್ಚಿಗೆ ಒರಗಿದಳು. "ಅವರಿಗೆ ಗೊತ್ತಿಲ್ವೇನಮ್ಮ, ಹಂತ ಅಂದ್ರೇನು ಅಂತ?"

"ಚೆನ್ನಾಗಿ ಗೊತ್ತು ಅಕ್ಕಾ. ನಿಮ್ಮವರು ನಮಗೆ ಸೇತುವೆ ಕಟ್ಟಿಸಿಕೊಡ್ತಾರಂತಲ್ಲ. ಸೇತುವೆ ಬರೋ ತನಕ ನಮ್ಮವರು ಯಾವ ನೀರನ್ನಾದ್ರೂ ಕುಡಿಸ್ತಾರೆ."

ಆ ಕಡೆಯವಳು ಮುಂದುವರಿಸಿದಳು. ಕೂಗಾಡಲಿಲ್ಲ, ಅತ್ತೂ ಮಾತಾಡಲಿಲ್ಲ, ಲೆಕ್ಕ ಕೇಳುವ ಟೀಚರಿನಂತೆ ಕೇಳಿದಳು.

"ನನಗೆ ಹೇಳಿ ನೀವು ಆರಾಮಾದ್ರಿ. ಈಗ ನಾನು ಯಾರಿಗೆ ಹೇಳಿ ಆರಾಮಾಗ್ಲಿ? ಆರನೇ ಕಲಮಿನಲ್ಲಿ ಬಚ್ಚಿಟ್ಟ ನಿಜ ನಿಜಾನಾ ಅಕ್ಕಾ?"

ಆ ಮಾತು ತಣ್ಣಕ್ಕನಿಗೆ ಎಲ್ಲಿ ತಗಲಬೇಕೋ ಅಲ್ಲೇ ತಗಲಿತು. ಇಷ್ಟು ದಿನ ಆಕೆಗೆ ಶಿಷ್ಟಾಚಾರದವನ ಮೇಲೆ ಸಿಟ್ಟು, ಸಚಿವರ ಮೇಲೆ ಸಿಟ್ಟು, ಕನ್ನಡಕ ಒರೆಸುವವರ ಮೇಲೆ ಸಿಟ್ಟು. ಅವರು ಒಂದು ಸ್ಟಿಕರಿನಿಂದ ಚೌಕ ಮುಚ್ಚಿದರು. ತಾನು ಮಾಡಿದ್ದಾದರೂ ಏನು? ಒಂದು ಅಂಕಿಯ ಹಿಂದೆ ಬಾಯಿ ಮುಚ್ಚಿಕೊಂಡದ್ದು. ಅವರು ಕೈ ಕುಲುಕಿ ಕೈಕೊಟ್ಟರು, ತಾನು ಕೈ ತೊಳೆದುಕೊಂಡಳು. ಅರವತ್ತು ಸಾವಿರ ಮಕ್ಕಳನ್ನು ಕಂಡರಿಯದ ಹೆಂಗಸಿನ ತಲೆಗೆ ಕಟ್ಟಿ, ಎರಡು ತುತ್ತು ಹೆಚ್ಚು ಉಂಡಿದ್ದಳು. ನಾಚಿಕೆ ಕಿವಿಯ ತನಕ ಏರಿತು, ಆ ನಾಚಿಕೆಯ ಬೆನ್ನಿಗೇ ಸಿಟ್ಟು ಬಂತು, ಈ ಸಲದ್ದು ನೆಟ್ಟಗೆ ನಿಲ್ಲುವ ಸಿಟ್ಟು.

"ಅಭಿಯಾನ ಯಾವತ್ತು?"

"ನಾಳೆ ಬೆಳಿಗ್ಗೆ. ನೂರಾ ನಲವತ್ತು ಜನ ನರ್ಸುಗಳು ಪೆಟ್ಟಿಗೆ ತಗೊಂಡು ಹೋಗೋಕೆ ಇಲ್ಲೇ ಬಂದು ನಿಂತಿದಾರೆ. ಅದೇ ಈ ಗಲಾಟೆ."

"ನಿಮಗೇನು ಬೇಕು ಹೇಳಿ."

"ಮೊಹರು ಇರೋ ಕಾಗದ. ಅಂಕಿ ಬೇಡ. ಮಾತಲ್ಲಿ ಬರೀಬೇಕು, ಬಳಸಬೇಡಿ ಅಂತ."

ತಣ್ಣಕ್ಕ ಅರ್ಧ ಗಂಟೆ ಸಮಯ ಕೇಳಿ ಫೋನಿಟ್ಟಳು. ಇಲಾಖೆಯ ಹಾಳೆ ಎಳೆದುಕೊಂಡಳು. ಗಂಡನಿಗೆ ಫೋನು ಮಾಡಿದರೆ ಒಳ್ಳೊಳ್ಳೆಯ ಪದ ಕೊಡುತ್ತಾನೆ. ಆ ಒಳ್ಳೊಳ್ಳೆಯ ಪದಗಳ ಸಹವಾಸವೇ ಸಾಕೆಂದು ಮಾಡಲಿಲ್ಲ. ಅತ್ತೆಯ ಮಂಚ ಹೊಸ ಮನೆಯ ಬಾಗಿಲಲ್ಲಿ ಹಿಡಿಸುತ್ತದೋ ಇಲ್ಲವೋ ಎಂಬ ಯೋಚನೆ ಒಮ್ಮೆ ಬಂತು, ಅದನ್ನು ಬದಿಗಿಟ್ಟಳು. ಹನ್ನೊಂದು ಸಾಲು ಬರೆದಳು. ಕೆಳಗೆ ಸಹಿ, ಮೊಹರು. ಫೋಟೋ ತೆಗೆದು ಅಲ್ಲಿನ ಉಗ್ರಾಣದ ವಿಳಾಸಕ್ಕೆ ಮೇಲ್ ಮಾಡಿದಳು. ನಿರ್ದೇಶಕರಿಗೊಂದು, ಶಿಷ್ಟಾಚಾರದ ಅಧಿಕಾರಿಗೊಂದು, ಎರಡೂ ದೇಶಗಳ ಪತ್ರಿಕೆಗಳಿಗೆ ಒಂದೊಂದು. ನಂತರ ಗಡಿಯಾಚೆಗೆ ಕರೆ ಮಾಡಿದಳು.

"ಬಂತಾ?"

"ಬಂದಿರಬಹುದು ಅಕ್ಕಾ. ನಮ್ಮಲ್ಲಿ ಮೇಲ್ ಬಂದ್ರೆ ಮೇಲಿನವರೇ ತೆಗೆಯೋದು. ಅವರು ತೆಗೆದು ನನಗೆ ಕೊಡೋ ಹೊತ್ತಿಗೆ ಹನಿ ಹಾಕಿ ಮುಗಿದಿರುತ್ತೆ." ಆ ಕಡೆ ಬಾಗಿಲು ತೆರೆದ ಸದ್ದಾಯಿತು, ಗದ್ದಲ ಹತ್ತಿರವಾಯಿತು. "ನೀವು ಓದ್ತೀರಾ? ಫೋನನ್ನ ಮೈಕಿಗೆ ಹಿಡೀತೀನಿ. ಪೆಟ್ಟಿಗೆ ಹೊರೋರು ಇವರು. ಇವರೇ ಕೇಳಲಿ."

ಮೇಜಿನ ಮೇಲಿನ ಇನ್ನೊಂದು ಫೋನು ಬಡಿದುಕೊಳ್ಳತೊಡಗಿತು. ನಿರ್ದೇಶಕರ ಸಂಖ್ಯೆ. ಕನ್ನಡಕ ಹಾಕಿಕೊಂಡಿರಬೇಕು. ತಣ್ಣಕ್ಕ ಅದರ ತಂತಿಯನ್ನು ಗೋಡೆಯಿಂದ ಕಿತ್ತಳು, ಕಾಗದ ಹಿಡಿದು ಎದ್ದು ನಿಂತಳು, ಓದಿದಳು.

ಈ ಆರು ಸಾವಿರ ಸೀಸೆಗಳಲ್ಲಿರುವುದು ಲಸಿಕೆಯಲ್ಲ, ಸತ್ತ ಔಷಧ. ಇದನ್ನು ಯಾವ ಮಗುವಿನ ಬಾಯಿಗೂ ಹಾಕಬೇಡಿ. ನಮ್ಮ ಸರಕಾರದವರು ಫೋಟೋಗಾಗಿ ಇದನ್ನು ಮೂರು ದಿನ ಬಿಸಿಲಿನ ತಗಡಿನಡಿ ಇಟ್ಟು ಕೆಡಿಸಿದರು, ಕೆಟ್ಟದ್ದು ಗೊತ್ತಿದ್ದೇ ಮುಚ್ಚಿ ಕಳಿಸಿದರು. ಹಂತ ನಾಲ್ಕು ಎಂದರೆ ಅಂಕವಲ್ಲ, ಎಸೆಯಿರಿ ಎಂದರ್ಥ. ಅದನ್ನು ಮಾತಿನಲ್ಲಿ ಬರೆಯದೆ ಸಹಿ ಮಾಡಿದ್ದು ನನ್ನ ತಪ್ಪು. ನಮ್ಮ ಉಗ್ರಾಣದಲ್ಲಿ ಒಳ್ಳೆಯ ಸೀಸೆಗಳು ಎಂಟು ಸಾವಿರ ಇವೆ. ಅವನ್ನು ನಿಮ್ಮ ಸರಕಾರ ಕೇಳಲಿ, ಕೊಡಲಾರೆವೆಂದು ನಮ್ಮವರು ಬಾಯಿ ಬಿಟ್ಟು ಹೇಳಲಿ.

ಓದಿ ಮುಗಿಸಿದಾಗ ಆ ಕಡೆಯ ಗದ್ದಲ ನಿಂತುಹೋಗಿತ್ತು. ಆಮೇಲೆ ಪೆಟ್ಟಿಗೆಯೊಂದನ್ನು ನೆಲಕ್ಕಿಟ್ಟ ಸದ್ದು ಕೇಳಿಸಿತು. ಇನ್ನೊಂದು. ಹತ್ತು, ಇಪ್ಪತ್ತು, ಎಣಿಸಲಾಗದಷ್ಟು. ಯಾರೋ ವಯಸ್ಸಾದ ನರ್ಸು ಮೈಕಿನ ಹತ್ತಿರ ಬಂದು ಕೇಳಿದಳು.

"ಯಾರು ಹೇಳಿದ್ದು ಅಂತ ಕೇಳ್ತಾರಮ್ಮ. ಹೆಸರು ಹೇಳ್ತೀಯಾ?"

ತಣ್ಣಕ್ಕ ತನ್ನ ಹೆಸರು ಹೇಳಿದಳು, ಅಪ್ಪನ ಹೆಸರು, ಹುದ್ದೆ, ಉಗ್ರಾಣದ ವಿಳಾಸ. ಬರೆದುಕೊಳ್ಳುತ್ತಿದ್ದೇವೆ, ಸ್ವಲ್ಪ ನಿಧಾನ ಎಂದರು. ಆಕೆ ಮೊದಲಿನಿಂದ, ಬಿಡಿಸಿ ಬಿಡಿಸಿ, ಇನ್ನೊಮ್ಮೆ ಹೇಳಿದಳು.